ಫ್ಯಾನು ನಿಲ್ಲುವವರೆಗೆ

ಸಂಗಮೇಶ್‌ಗೆ ಕೂತಲ್ಲಿ ಕೂರುವುದು ಹುಟ್ಟಿನಿಂದಲೇ ಗೊತ್ತಿಲ್ಲ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಅವನ ರಿಪೇರಿ ಅಂಗಡಿ. ಊಟಕ್ಕೆ ಕೂತರೂ ಎಡಗೈಯಲ್ಲಿ ಟೆಸ್ಟರ್ ತಿರುಗುತ್ತಿರುತ್ತದೆ. ತಾಳಿ ಕಟ್ಟುವ ಹೊತ್ತಿನಲ್ಲೂ ಮಂಟಪದ ಸೀರಿಯಲ್ ಸೆಟ್ ಯಾಕೆ ಮಿಣುಕುತ್ತಿದೆ ಎಂದು ನೋಡುತ್ತಿದ್ದರು ಅಂತ ಹೆಂಡತಿ ಸೌಂದರ್ಯ ಇವತ್ತಿಗೂ ಛೇಡಿಸುತ್ತಾಳೆ. ಸುಳ್ಳೇನಲ್ಲ.

ಮಿಕ್ಸಿ, ಫ್ಯಾನು ಎಲ್ಲ ಮಾಡುತ್ತಾನಾದರೂ ಅವನ ಹೆಸರು ನಿಂತಿರುವುದು ಇಂಡಕ್ಷನ್ ಒಲೆಯ ಮೇಲೆ. ಅವನ ಕೈಯಿಂದ ಹೊರಟ ಪ್ರತಿ ಒಲೆಯ ಮೇಲೂ ಒಂದು ಕೆಂಪು ಚೀಟಿ ಇರುತ್ತದೆ: ‘ಅಡುಗೆ ಆದ ತಕ್ಷಣ ಗೋಡೆಯ ಸ್ವಿಚ್ ಆಫ್ ಮಾಡಿ.’ ಕೆಳಗೆ ಹೆಸರು, ಫೋನ್ ನಂಬರು. ಬರೀ ಅಂಟಿಸಿ ಸುಮ್ಮನಾಗುವ ಆಸಾಮಿಯಲ್ಲ. ಒಲೆ ಕೊಡುವಾಗ ಗಿರಾಕಿಯಿಂದ ಆ ಮಾತನ್ನು ಮಗ್ಗಿಯಂತೆ ಒಪ್ಪಿಸಿಕೊಂಡೇ ಕಳಿಸುತ್ತಾನೆ.

ಆ ಚೀಟಿಯ ಹಿಂದೆ ಅವನ ಅಪ್ಪ ಹುಚ್ಚರಾಯಪ್ಪ ಇದ್ದಾರೆ. ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ಅವರೇ. ಒಮ್ಮೆ ಬಳ್ಳಿಗಾವಿಯ ಹೊಲದಲ್ಲಿ ಯಾರೋ ಆಫ್ ಮಾಡಲು ಮರೆತ ಸ್ವಿಚ್ಚಿನಿಂದ ಕರೆಂಟು ಹೊಡೆಯಿತು. ಜೀವ ಉಳಿಯಿತು, ಬಲಗೈಯ ಮೂರು ಬೆರಳು ಮತ್ತೆ ಮಡಚಲಿಲ್ಲ. ಆಗ ಸಂಗಮೇಶ್‌ಗೆ ಹದಿನಾಲ್ಕು. ಅಂದಿನಿಂದ ಸುಮ್ಮನೆ ಆನ್ ಇರುವ ಸ್ವಿಚ್ಚು ಕಂಡರೆ ಅವನಿಗೆ ಮೈ ಪರಚಿಕೊಳ್ಳುವಂತಾಗುತ್ತದೆ. ನೆಂಟರ ಮನೆಗೆ ಹೋದರೂ ಮೊದಲು ನೋಡುವುದು ಗೋಡೆಯನ್ನೇ.

ಇಂಥವನ ನೆಮ್ಮದಿ ಕೆಡಿಸಿದ್ದು ಸೊರಬದ ಕಡೆಯ ಒಂದು ಒಲೆ. ಕುಪ್ಪಗಡ್ಡೆಯ ನರ್ಮದಮ್ಮನಿಗೆ ಎಪ್ಪತ್ತರ ಹತ್ತಿರ, ಕೈ ನಡುಗುತ್ತದೆ. ಎರಡು ವರ್ಷದ ಹಿಂದೆ ಗ್ಯಾಸಿನ ಉರಿ ಸೆರಗಿಗೆ ಹತ್ತಿ, ಸೊಸೆ ಅರ್ಚಿತಾ ಬಿಂದಿಗೆ ನೀರು ಸುರಿದು ಉಳಿಸಿದ್ದಳು. ಆಮೇಲೆ ಅತ್ತೆಗೆ ಅಡುಗೆಮನೆ ಬಂದ್. ಐವತ್ತು ವರ್ಷ ಸೌಟು ಹಿಡಿದವರಿಗೆ ಹೊಸಿಲಾಚೆ ಕೂತು ಬೀನ್ಸ್ ಮುರಿದು ಕೊಡುವ ಕೆಲಸ. ಸಂಗಮೇಶ್ ರಿಪೇರಿ ಮಾಡಿ ಮಾರಿದ ಈ ಉರಿಯಿಲ್ಲದ ಒಲೆ ಬಂದ ಮೇಲೆಯೇ ಅವರಿಗೆ ಮತ್ತೆ ಜೀವ ಬಂದದ್ದು. ಆ ಒಲೆ ಆರು ತಿಂಗಳಲ್ಲಿ ಮೂರು ಸಲ ಸುಟ್ಟುಹೋಯಿತು. ಮೂರನೆಯ ಸಲ ಬಟ್ಟೆ ಚೀಲದಲ್ಲಿ ಅದನ್ನು ಹೊತ್ತು ಬಸ್ಸಿನಲ್ಲಿ ತಾವೇ ಬಂದರು.

“ಇದೇ ಕೊನೆ ಮಾರಾಯ. ಇನ್ನೊಂದು ಸಲ ಸುಟ್ಟ ವಾಸನೆ ಬಂದ್ರೆ ಒಲೆನೂ ಬೇಡ, ನಿಮ್ಮ ಅಡುಗೆನೂ ಬೇಡ ಅಂದಿದಾಳೆ ಅರ್ಚಿತಾ. ಅವಳದ್ದೂ ತಪ್ಪಲ್ಲ, ಹೆದರ್ತಾಳೆ. ನನ್ನ ಮತ್ತೆ ಹೊಸಿಲಾಚೆ ಕೂರಿಸ್ಬೇಡ.”

ಸಂಗಮೇಶ್‌ಗೆ ಅನ್ನ ರುಚಿಸಲಿಲ್ಲ. ಒಲೆ ಬಿಚ್ಚಿದರೆ ಅದೇ ಕಥೆ: ಕರೆಂಟನ್ನು ಹಿಡಿದು ಬಿಡುವ, ಹೆಬ್ಬೆರಳಿನ ಉಗುರಿನಷ್ಟು ಕರಿಯ ತುಂಡು ಬೆಂದು ಹೋಗಿತ್ತು. ಒಳಗೆ ಶಾಖ ತಡೆಯಲಾಗದೆ ಸತ್ತಿದೆ. ಗಾಳಿ ಸಾಲದೇನೋ ಎಂದು ದೊಡ್ಡ ಫ್ಯಾನು ಕೂರಿಸಿದ. ಆ ತುಂಡಿನ ಶಾಖ ಹೀರುವ ಅಲ್ಯೂಮಿನಿಯಂ ತಟ್ಟೆಯನ್ನು ದಪ್ಪನೆಯದಕ್ಕೆ ಬದಲಾಯಿಸಿದ. ಕೆಳಗಿನಿಂದ ಗಾಳಿ ನುಗ್ಗಲೆಂದು ತೂತು ಕೊರೆದು, ಎತ್ತರದ ರಬ್ಬರ್ ಕಾಲು ಹಾಕಿದ. ಮೇಜಿನ ಮೇಲೆ ಇಡೀ ದಿನ ನೀರು ಕುದಿಸಿದ, ಒಲೆಯ ಒಳಭಾಗ ತಣ್ಣಗಿತ್ತು. ಹಿಂದಿನ ಎರಡು ಸಲವೂ ಅಂಗಡಿಯಲ್ಲಿ ತಣ್ಣಗೇ ಇತ್ತಲ್ಲ! ಬೇರೆ ಮನೆಗಳ ಒಲೆಗಳೂ ಆಗಾಗ ಹೀಗೇ ಮರಳಿ ಬರುತ್ತಿದ್ದವು, ಅವನು ವೋಲ್ಟೇಜನ್ನು ಬೈದು ಸುಮ್ಮನಾಗುತ್ತಿದ್ದ. ಈ ಸಲ ಆಗಲಿಲ್ಲ. ಒಲೆಯನ್ನು ಬೈಕಿಗೆ ಕಟ್ಟಿ, ಶಿರಾಳಕೊಪ್ಪದಲ್ಲಿ ಚಹಾಕ್ಕೂ ನಿಲ್ಲದೆ ಕುಪ್ಪಗಡ್ಡೆಗೆ ಹೋದ.

“ನೀವು ದಿನಾ ಹೆಂಗ್ ಮಾಡ್ತೀರೋ ಹಂಗೇ ಅಡುಗಿ ಮಾಡ್ರಿ ಅಮ್ಮಾ. ನಾ ನೋಡ್ತೀನಿ.”

ನರ್ಮದಮ್ಮ ದಪ್ಪ ತಳದ ಪಾತ್ರೆಯಲ್ಲಿ ಬೇಳೆ ಬೇಯಿಸಿ ಹುಳಿ ಮಾಡಿದರು. ಅವನು ಹಿಂಬದಿಯ ಗಾಳಿಕಿಂಡಿಗೆ ಅಂಗೈ ಒಡ್ಡಿ ಕುಕ್ಕರಗಾಲಿನಲ್ಲಿ ಕೂತು, ಎದ್ದು, ಮತ್ತೆ ಕೂತ. ಎಲ್ಲ ಸರಿಯಾಗಿತ್ತು. ಹುಳಿ ಕುದಿಯಿತು, ಅವರು ಒಲೆಯ ಗುಂಡಿ ಒತ್ತಿದರು. ಮರುಕ್ಷಣವೇ ನಡುಗುವ ಕೈ ಗೋಡೆಗೆ ಹೋಗಿ ಟಕ್ಕೆಂದು ಸ್ವಿಚ್ ಆಫ್ ಮಾಡಿತು. ಇನ್ನೂ ತಿರುಗುತ್ತಿದ್ದ ಫ್ಯಾನು ಉಸಿರು ಕಟ್ಟಿದಂತೆ ನಿಂತಿತು.

“ಯಾಕ್ರೀ ಅಮ್ಮಾ, ಅಷ್ಟು ಅರ್ಜೆಂಟು?”

“ನೀನೇ ಬರೆದು ಅಂಟಿಸಿದೀಯಲ್ಲೋ. ಒಂದು ದಿನನೂ ತಪ್ಪಿಸಿಲ್ಲ ನಾನು.”

ಅವನು ಬ್ಯಾಗಿನಿಂದ ಶಾಖ ಅಳೆಯುವ ಮೀಟರ್ ತೆಗೆದು ತಂತಿಯನ್ನು ಕಿಂಡಿಯೊಳಗೆ ಇಳಿಸಿದ. ಆಫ್ ಆದ ಒಲೆಯ ಒಳಗೆ ಶಾಖ ಏರುತ್ತಲೇ ಇತ್ತು. ಮೇಲಿನ ಕಾದ ಪಾತ್ರೆ, ಕಾದ ಗಾಜು, ಕೆಳಗೆ ಗಾಳಿಯಿಲ್ಲ. ಗುಂಡಿ ಒತ್ತಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗುವುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೂ ತನ್ನ ಚೀಟಿಗೂ ನಂಟು ಕಟ್ಟಿರಲಿಲ್ಲ, ಅಷ್ಟೆ. ಅಂಗಡಿಯ ಮೇಜಿನಲ್ಲಿ ಅಳತೆ ತೆಗೆಯಲೆಂದು ಸ್ವಿಚ್ ಆನ್ ಇಟ್ಟೇ ಇರುತ್ತಾನೆ, ಆದ್ದರಿಂದ ಅಲ್ಲಿ ಒಲೆ ಕೆಡುವುದಿಲ್ಲ. ಉಳಿದ ಗಿರಾಕಿಗಳು ಅವನ ಮಾತನ್ನು ಎರಡು ದಿನಕ್ಕೊಮ್ಮೆ ಮರೆಯುತ್ತಿದ್ದರು, ಅವರ ಒಲೆಗಳು ಆಗೊಮ್ಮೆ ಈಗೊಮ್ಮೆ ಮಾತ್ರ ಸುಟ್ಟವು. ಮರೆಯದೆ ಪಾಲಿಸಿದ್ದು ನರ್ಮದಮ್ಮ ಒಬ್ಬರೇ. ಅವನಿಗೆ ಕಪಾಳಕ್ಕೆ ಬಿಗಿದಂತಾಯಿತು.

ಅರ್ಚಿತಾ ಬಾಗಿಲಿಗೆ ಬಂದು ನಿಂತಳು. “ಏನಾದ್ರೂ ಗೊತ್ತಾಯ್ತಾ ಸಂಗಮೇಶಣ್ಣ? ಅತ್ತೆ ಏನು ತಪ್ಪು ಮಾಡ್ತಿದ್ರು?”

ನರ್ಮದಮ್ಮ ನೆಲ ನೋಡಿದರು. ‘ಸ್ವಿಚ್ಚು ಬೇಗ ಆಫ್ ಮಾಡ್ತಿದ್ರು’ ಎಂಬ ಮಾತು ಅವನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ಅದು ಸುಳ್ಳೂ ಆಗುತ್ತಿರಲಿಲ್ಲ, ಹೆಸರೂ ಉಳಿಯುತ್ತಿತ್ತು. ಆ ಒಂದು ಗಳಿಗೆ ಅವನು ಯೋಚಿಸಿದ್ದು ನಿಜ. ಅದಕ್ಕಾಗಿ ಅವನಿಗೆ ಇಂದಿಗೂ ನಾಚಿಕೆಯಿದೆ.

“ಅವರ ತಪ್ಪು ಏನೂ ಇಲ್ಲ ತಂಗಿ. ಮೂರು ಸಲಾನೂ ಸುಟ್ಟಿದ್ದು ನಾನೇ.” ಉಗುರಿನಿಂದ ಕೆಂಪು ಚೀಟಿ ಕೆರೆದು ಕಿತ್ತ. “ಫ್ಯಾನು ತಾನಾಗೇ ನಿಲ್ಲೋವರೆಗೂ ಗ್ವಾಡಿ ಸ್ವಿಚ್ ಮುಟ್ಟಬಾರ್ದು. ನಾ ತಪ್ಪು ಹೇಳಿಕೊಟ್ಟಿದ್ದೆ.”

ಅರ್ಚಿತಾ ಆ ಚೀಟಿಯನ್ನು ಈಸಿಕೊಂಡು ಓದಿದಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. “ಹಾಗಾದ್ರೆ ನಾಳೆ ತಿಂಡಿ ನಿಮ್ದೇ ಅತ್ತೆ.”

ಸಂಜೆ ಮನೆಗೆ ಬಂದು ಅಪ್ಪನಿಗೆ ಎಲ್ಲ ಹೇಳಿದ. ಹುಚ್ಚರಾಯಪ್ಪ ಅಡುಗೆಮನೆಯಲ್ಲಿ ಅವನ ಪಕ್ಕ ಕೂತು, ಒಲೆಯ ಮೇಲಿನ ಕೆಂಪು ಚೀಟಿ ನೋಡಿದರು.

“ಎಷ್ಟು ಮನಿಗೆ ಅಂಟಿಸೀದಿ?”

“ಇನ್ನೂರರ ಮೇಲೈತಿ. ನಾಳೆಯಿಂದ ಒಂದೊಂದೇ ಮನೆಗೆ ಹೋಗಿ ಹೇಳಬೇಕು.”

“ಮೊದ್ಲು ನಮ್ಮನೀದು ಕೀಳು.”

ಸೌಂದರ್ಯ ಹಾಲು ಕಾಯಿಸಿ ಒಲೆಯ ಗುಂಡಿ ಒತ್ತಿದಳು. ಹುಚ್ಚರಾಯಪ್ಪನ ಮಡಚದ ಬೆರಳುಗಳ ಕೈ ತನ್ನಷ್ಟಕ್ಕೆ ಗೋಡೆಯ ಕಡೆ ಎದ್ದಿತು. ಸಂಗಮೇಶ್ ಆ ಕೈಯನ್ನು ಹಿಡಿದು ತನ್ನ ತೊಡೆಯ ಮೇಲೆ ಇಟ್ಟುಕೊಂಡ. ಅವನ ಕಣ್ಣೂ ಆ ಸ್ವಿಚ್ಚಿನ ಮೇಲೇ ಇತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಅದು ನಿಲ್ಲುವವರೆಗೆ ಅಪ್ಪನ ಕೈ ಬಿಡದೆ ಅವನು ಕೂತೇ ಇದ್ದ.