ಗ್ರೈಂಡರ್ ಹಿಂದಿನ ಗೋಡೆ

ನಾನು ಎರಡು ಪದವಿಗೆ ಒಟ್ಟಿಗೆ ಸೇರಿದ್ದು ನಮ್ಮ ನೆಂಟರಿಗೆಲ್ಲ ದೊಡ್ಡ ತಮಾಷೆಯಾಗಿತ್ತು. ಬೆಳಿಗ್ಗೆ ಚಿತ್ರಕಲೆ, ಊಟದ ಮೇಲೆ ಇತಿಹಾಸ. ಐದು ವರ್ಷ ಕಳೆದರೆ ಕೈಗೆ ಎರಡು ಸರ್ಟಿಫಿಕೇಟು. "ಒಂದು ಸಾಲದಾ ಮಾರಾಯ್ತಿ?" ಎಂದು ಊರಿಂದ ಬಂದ ಚಿಕ್ಕಮ್ಮ ಕೇಳಿದರೆ, ನಾನು ಬಾಯಿ ತೆರೆಯುವ ಮೊದಲೇ ಅಪ್ಪಯ್ಯ ಹೇಳುತ್ತಿದ್ದರು: "ಮಸಾಲೆ ದೋಸೆ ತಿಂದವ ಕಾಫಿ ಬೇಡ ಅಂತಾನಾ?" ಹೋಟೆಲಿನವರ ಮನೆಯಲ್ಲಿ ಯಾವ ವಾದವಾದರೂ ಕೊನೆಗೆ ತಿಂಡಿಗೇ ಬಂದು ನಿಲ್ಲುತ್ತದೆ.

ನಮ್ಮ ಹೋಟೆಲು ತಮಿಳು ಸೀಮೆಯ ಪುರಸೈವಾಕ್ಕಂ ಪೇಟೆಯಲ್ಲಿ, ಬಟ್ಟೆ ಅಂಗಡಿಗಳ ಬೀದಿಯಿಂದ ಒಳಗೆ ತಿರುಗುವ ಓಣಿಯಲ್ಲಿ. ಕೆಳಗೆ ಹೋಟೆಲು, ಮೇಲೆ ಮನೆ. ಕುಂದಾಪುರದ ಕಡೆಯಿಂದ ಬಂದ ಅಜ್ಜಯ್ಯ ಶುರು ಮಾಡಿದ್ದು. ಅಪ್ಪಯ್ಯ ಎಳೆ ವಯಸ್ಸಿಗೇ ಅಡುಗೆಮನೆಗೆ ಇಳಿದು, ಅಜ್ಜಯ್ಯ ಹೋದ ಮೇಲೆ ಗಲ್ಲಾಪೆಟ್ಟಿಗೆಯ ಕುರ್ಚಿಗೆ ಬಂದವರು. ಅವರು ಊರಿನ ಮಾತಿನಲ್ಲಿ ಕೇಳಿದ್ದಕ್ಕೆ ನಾನು ತಮಿಳಿನಲ್ಲಿ ಉತ್ತರ ಕೊಡುತ್ತಾ ಬೆಳೆದೆ. ಕನ್ನಡದ ಅಕ್ಷರ ಕಲಿತದ್ದು ಅಮ್ಮನ ಹಠದಿಂದ, ಬೇಸಿಗೆ ರಜೆಯಲ್ಲಿ, ಮೂಗು ಒರೆಸಿಕೊಳ್ಳುತ್ತಾ.

ಆ ಐದು ವರ್ಷಗಳಲ್ಲಿ ದಣಿದಷ್ಟು ನಾನು ಎಂದೂ ದಣಿದದ್ದಿಲ್ಲ, ಅಷ್ಟು ಸುಖವಾಗಿ ಇದ್ದದ್ದೂ ಇಲ್ಲ. ನನಗಿಂತ ಅಗಲದ ರಟ್ಟಿನ ಫೋಲ್ಡರ್ ಹಿಡಿದು ಬಸ್ಸು ಹತ್ತಿದರೆ ಕಂಡಕ್ಟರಿಂದ ಹಿಡಿದು ಹೂ ಮಾರುವ ಅಜ್ಜಿಯವರೆಗೆ ಎಲ್ಲರೂ ಬೈಯುವವರೇ. ಉಗುರಿನ ಸಂದಿಯಲ್ಲಿ ಸದಾ ಇದ್ದಿಲಿನ ಕಪ್ಪು. ಭಾನುವಾರ ಬೆಳಕು ಹರಿಯುವಾಗ ಕಲಾ ವಿಭಾಗದ ಸರ್ ನಮ್ಮನ್ನು ರಾಯಪುರಂ ಕಡಲ ದಂಡೆಗೆ ಕರೆದುಕೊಂಡು ಹೋಗಿ, ಬಲೆ ಬಿಡಿಸುವವರ ಬೆನ್ನು, ದೋಣಿ, ಮೀನಿನ ರಾಶಿ ಎಲ್ಲವನ್ನೂ ಬರೆಸುತ್ತಿದ್ದರು. ಮನೆಗೆ ಬಂದರೆ ಅಮ್ಮ ಮೂಗು ಮುಚ್ಚಿಕೊಂಡು ಬಾಗಿಲಲ್ಲೇ ನಿಲ್ಲಿಸಿ, "ಮೊದಲು ಬಚ್ಚಲಿಗೆ ನಡೆ, ಆಮೇಲೆ ಚಿತ್ರ ತೋರಿಸು" ಎನ್ನುತ್ತಿದ್ದರು. ಆದರೆ ಚಿತ್ರದೊಳಗಿನ ಮೀನನ್ನು ಮಾತ್ರ ಬಹಳ ಹೊತ್ತು ನೋಡುತ್ತಿದ್ದರು.

ಕಷ್ಟ ಇದ್ದದ್ದು ಎರಡು ವಿಭಾಗಗಳ ನಡುವೆ. ಚಿತ್ರಕಲೆಯವರಿಗೆ ನನ್ನ ಕೆಲಸದಲ್ಲಿ ಕಥೆ ಹೆಚ್ಚು, ಗೆರೆ ಕಡಿಮೆ. ಇತಿಹಾಸದ ಮೇಡಂಗೆ ವರ್ಣನೆ ಹೆಚ್ಚು, ಆಧಾರ ಕಡಿಮೆ. ಎರಡು ದೋಣಿಯ ಮೇಲೆ ಕಾಲಿಟ್ಟವಳು ಎಂದು ಎರಡೂ ಕಡೆಯ ಗೆಳೆಯರು ಆಡಿಕೊಳ್ಳುತ್ತಿದ್ದರು. ನಾಲ್ಕನೇ ವರ್ಷದ ಕೊನೆಗೆ ಎರಡೂ ವಿಭಾಗಕ್ಕೆ ಸೇರಿ ಒಂದೇ ಪ್ರಾಜೆಕ್ಟ್ ಕೊಡಬೇಕು. ಎರಡರಲ್ಲಿ ಒಂದು ವಿಭಾಗ ಒಪ್ಪದಿದ್ದರೂ ಒಂದು ಪದವಿಯನ್ನು ಅಲ್ಲಿಗೇ ಕೈಬಿಡಬೇಕು ಎನ್ನುವುದು ನಿಯಮ. ನನಗೆ ಎರಡೂ ಬೇಕಿತ್ತು. ಎರಡರಲ್ಲಿ ಒಂದನ್ನು ಆರಿಸು ಎಂದು ಯಾರಾದರೂ ಹೇಳಿದರೆ ಮೈಯೆಲ್ಲ ಉರಿಯುತ್ತಿತ್ತು.

ಹಾಗೆ ಹುಡುಕುತ್ತಿದ್ದವಳಿಗೆ ಸಿಕ್ಕಿದ್ದು ನಮ್ಮದೇ ಹೋಟೆಲಿನ ಅಡುಗೆಮನೆಯ ಗೋಡೆ. ಉಳಿದ ಕಡೆಗೆಲ್ಲ ವರ್ಷ ವರ್ಷ ಬಣ್ಣ ಬೀಳುತ್ತಿತ್ತು. ಹಿಟ್ಟು ರುಬ್ಬುವ ಗ್ರೈಂಡರ್ ಹಿಂದಿನ ಗೋಡೆಗೆ ಮಾತ್ರ ಅಜ್ಜಯ್ಯನ ಕಾಲದಿಂದ ಯಾರೂ ಬ್ರಷ್ ಮುಟ್ಟಿಸಿರಲಿಲ್ಲ. ಗಿರಾಕಿಗಳ ಕಣ್ಣಿಗೆ ಬೀಳದ ಜಾಗ. ನಮ್ಮಲ್ಲಿ ಕೆಲಸಕ್ಕಿದ್ದವರೆಲ್ಲ ಊರ ಕಡೆಯವರು. ರಜೆಯ ಮೇಲೆ ಊರಿಗೆ ಹೊರಟವನು ಆ ಗೋಡೆಯ ಮೇಲೆ ಒಂದು ಉದ್ದ ಗೀಟು ಎಳೆದು ಹೋಗಬೇಕು, ತಿರುಗಿ ಬಂದ ದಿನ ಅದಕ್ಕೊಂದು ಅಡ್ಡಗೀಟು ಹಾಕಬೇಕು. ಮೊದಲು ಒಲೆಯ ಇದ್ದಿಲಿನಲ್ಲಿ, ಗ್ಯಾಸ್ ಬಂದ ಮೇಲೆ ಪೆನ್ಸಿಲಿನಲ್ಲಿ. ಯಾರು ಶುರು ಮಾಡಿದ್ದೋ ಗೊತ್ತಿಲ್ಲ. ಹೆಸರು ಬರೆಯುವ ಕ್ರಮ ಇರಲಿಲ್ಲ, ಯಾರ ಗೀಟು ಯಾವುದು ಎಂದು ಆಗಿನವರಿಗೆ ಗೊತ್ತಿರುತ್ತಿತ್ತು. ಗೀಟುಗಳ ನಡುವೆ ಊರಿನ ರೈಲಿನ ಸಮಯ, ಮಾಧವರಂ ಡೈರಿಯಿಂದ ಹಾಲಿನ ವ್ಯಾನು ಬಾರದ ದಿನಗಳ ಲೆಕ್ಕ, ಹೊಸಬನೊಬ್ಬ ಬಸ್ಸಿನ ಬೋರ್ಡು ಓದಲೆಂದು ತಿದ್ದಿದ ತಮಿಳು ಅಕ್ಷರಗಳು. ಎಣ್ಣೆ ಹೊಗೆ ಕೂತು ಇಡೀ ಗೋಡೆ ಜೇನಿನ ಬಣ್ಣಕ್ಕೆ ತಿರುಗಿತ್ತು.

ಇದು ಚಿತ್ರವೂ ಹೌದು, ದಾಖಲೆಯೂ ಹೌದು ಎಂದು ನನಗೆ ಹೊಳೆದ ದಿನ ಬಸ್ಸಿನಲ್ಲಿ ಒಬ್ಬಳೇ ನಗುತ್ತಾ ಬಂದೆ. ಎಂಟು ತಿಂಗಳು ಅದರ ಹಿಂದೆ ಬಿದ್ದೆ. ತೆಳು ಕಾಗದ ಅಂಟಿಸಿ ಕೆಳಗಿನ ಭಾಗದ ಪಡಿಯಚ್ಚು ತೆಗೆದುಕೊಂಡೆ. ಮಧ್ಯಾಹ್ನ ಮೂರಕ್ಕೆ ಹೋಟೆಲು ಖಾಲಿಯಾದಾಗ ಅಡುಗೆ ಭಟ್ಟರು, ದೋಸೆಯವರು, ಕಾಫಿ ಬೆರೆಸುವವರು, ಸಪ್ಲೈಯರ್‌ಗಳು, ಎಲ್ಲರನ್ನೂ ಸರದಿಯಲ್ಲಿ ಕೂರಿಸಿ ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡಿದೆ. ಅಡ್ಡಗೀಟು ಬೀಳದ ಗೀಟುಗಳು ಮೂವತ್ತೊಂದು ಇದ್ದವು. ಅವರೆಲ್ಲ ತಿರುಗಿ ಬಾರದವರು. ಈಗಿರುವವರಿಗೆ ಅವರು ಯಾರೂ ಗೊತ್ತಿರಲಿಲ್ಲ. ನನ್ನ ಪ್ರಬಂಧದಲ್ಲಿ ಆ ಮೂವತ್ತೊಂದರ ಮುಂದೆ "ಮಾಹಿತಿ ಇಲ್ಲ" ಎಂದು ಬರೆದೆ.

ಸರ್ ಕೆಲಸ ನೋಡಿ, "ಫೋಟೋ ತರಬೇಡ, ಗೋಡೆಯನ್ನೇ ನೋಡುತ್ತೇವೆ. ಅದರ ಪಕ್ಕದಲ್ಲಿ ನಿನ್ನ ಚಿತ್ರಗಳನ್ನು ಇಡು" ಎಂದರು. ನಾನು ಮನೆಗೆ ಬಂದು ಅಪ್ಪಯ್ಯನಿಗೆ ಹೇಳಿದ್ದು ಇಷ್ಟೇ: "ಮಂಗಳವಾರ ಕಾಲೇಜಿನಿಂದ ಇಬ್ಬರು ಬರ್ತಾರೆ, ಅಡುಗೆಮನೆ ಗೋಡೆ ನೋಡೋಕೆ." ಅವರು ತಲೆ ಆಡಿಸಿದರು. ಹೆಚ್ಚು ವಿವರಿಸಬೇಕು ಅಂತ ನನಗೆ ತೋಚಲಿಲ್ಲ.

ಭಾನುವಾರ ರಾಯಪುರಂನ ಕೊನೆಯ ಕ್ಲಾಸು ಸಂಜೆಯವರೆಗೂ ಎಳೆದು, ಆರು ಗಂಟೆಗೆ ಮನೆಗೆ ಬಂದರೆ ಓಣಿಯ ತುದಿಗೇ ಪೇಂಟಿನ ವಾಸನೆ. ಭಾನುವಾರ ಮಧ್ಯಾಹ್ನದ ಮೇಲೆ ನಮ್ಮ ಹೋಟೆಲಿಗೆ ರಜೆ. ಒಳಗೆ ಹೋದೆ. ಗ್ರೈಂಡರನ್ನು ಪಕ್ಕಕ್ಕೆ ಸರಿಸಿದ್ದರು. ಗೋಡೆ ಹಾಲಿನಂತೆ ಬೆಳ್ಳಗಿತ್ತು. ಅಪ್ಪಯ್ಯ ಲುಂಗಿ ಮೇಲೆ ಕಟ್ಟಿಕೊಂಡು, ಮೈಯೆಲ್ಲ ಸುಣ್ಣದ ಧೂಳು ಹಚ್ಚಿಕೊಂಡು, ಕೈಯಲ್ಲಿ ಬ್ರಷ್ ಹಿಡಿದು ನಿಂತಿದ್ದರು. ಮುಖದಲ್ಲಿ ಮದುವೆ ಮನೆ ಯಜಮಾನನ ಕಳೆ.

"ಹ್ಯಾಂಗಿತ್ತ್ ಮಗಾ? ಆಳಿನ ಕೈಗೆ ಕೊಡಲಿಲ್ಲ. ನಾನೇ ಕೆರೆದು, ನಾನೇ ಹಚ್ಚಿದ್ದು. ಎರಡು ಕೋಟು."

ಫೈಲು ಹಿಡಿದು ಹೋಟೆಲಿನ ಅಡುಗೆಮನೆ ನೋಡಲು ಬರುವವರು ಅವರ ಜೀವಮಾನದಲ್ಲಿ ಒಂದೇ ಜಾತಿಯವರು: ಹೆಲ್ತ್ ಇನ್‌ಸ್ಪೆಕ್ಟರ್‌ಗಳು. ಅಂಥವರು ಬರುವ ಸುದ್ದಿ ಸಿಕ್ಕ ಕೂಡಲೇ ಗೋಡೆಗೆ ಬಣ್ಣ ಹೊಡೆಯುವುದು ಉಸಿರಾಡಿದಷ್ಟು ಸಹಜ. ಅದಲ್ಲದೆ ನಾನು ಗೋಡೆಯನ್ನು ಕಾಗದಕ್ಕೆ ಇಳಿಸಿಕೊಂಡದ್ದನ್ನು ಅವರು ನೋಡಿದ್ದರು. ಅಲ್ಲಿಗೆ ಗೋಡೆಯ ಕೆಲಸ ಮುಗಿಯಿತು ಎಂದುಕೊಂಡಿದ್ದರು. ಇದೆಲ್ಲ ನನಗೆ ಅರ್ಥವಾದದ್ದು ಆಮೇಲೆ. ಆ ಗಳಿಗೆಯಲ್ಲಿ ಕಂಡದ್ದು ಒಂದೇ, ನನ್ನ ಎಂಟು ತಿಂಗಳು ಮತ್ತು ನನ್ನ ಒಂದು ಪದವಿ ಆ ಬಿಳಿಯ ಕೆಳಗೆ ಹೂತುಹೋದದ್ದು.

ಸಿಟ್ಟು ಬಂದರೆ ನನಗೆ ತಮಿಳೇ ಬರುವುದು. ಭಟ್ಟರ ಎದುರು, ದೋಸೆಯವರ ಎದುರು ಕೂಗಿದೆ: "ಉಂಗಳುಕ್ಕು ಒಣ್ಣುಮೇ ತೆರಿಯಾದು!" ನಿಮಗೆ ಏನೂ ಗೊತ್ತಿಲ್ಲ, ಎಂದು. ಒಂದು ಸಲ ಅಲ್ಲ, ಮೂರು ಸಲ. ಅಪ್ಪಯ್ಯ ಬ್ರಷ್ಷನ್ನು ನೀರಿನಲ್ಲಿ ಅದ್ದಿ, ತೊಳೆದು, ಒದರಿ, ಬಕೆಟಿನ ಅಂಚಿಗೆ ಒರಗಿಸಿಟ್ಟರು. "ನಿನ್ನ ಮೇಷ್ಟ್ರುಗಳು ಬಂದಾಗ ಹೋಟ್ಲಿನವನ ಮಗಳು, ಕೊಳಕು ಅಂತ ಹೇಳಬಾರದಲ್ಲ ಅಂದೇಳಿ..." ಎಂದು ಅರ್ಧಕ್ಕೆ ನಿಲ್ಲಿಸಿ ಮೇಲೆ ಹೋದರು. ನಾನು ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ. ಇವತ್ತು ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ.

ಮಂಗಳವಾರ ಮೂರು ಗಂಟೆಗೆ ಸರ್ ಮತ್ತು ಮೇಡಂ ಬಂದರು. ಇಬ್ಬರೂ ತಮಿಳರು. ಬಿಳಿ ಗೋಡೆಯ ಎದುರು ನಿಂತು ನಾನು ನಡೆದದ್ದನ್ನು ಹೇಳಿದೆ. ಸರ್ ಕೈ ಹಿಂದೆ ಕಟ್ಟಿಕೊಂಡು ಗೋಡೆಯನ್ನು ನೋಡಿದರು. "ಇಲ್ಲದ್ದಕ್ಕೆ ನಾನು ಏನು ಮಾರ್ಕು ಕೊಡಲಿ?" ಎಂದರು. ಅವರು ಕೆಟ್ಟವರಲ್ಲ, ಕೇಳಿದ್ದು ನ್ಯಾಯವಾಗಿಯೇ ಇತ್ತು.

ಅಷ್ಟರಲ್ಲಿ ಅಪ್ಪಯ್ಯ ತಾವೇ ಟ್ರೇಯಲ್ಲಿ ಕಾಫಿ ಹಿಡಿದು ಬಂದರು. ಕಾಫಿ ಕೊಟ್ಟು, ಕೈ ಮುಗಿದು, ಕುಂದಾಪುರದ ರಾಗದ ತಮಿಳಿನಲ್ಲಿ ಹೇಳಿದರು: "ತಪ್ಪು ನನ್ನದು ಸಾರ್. ಅವಳಿಗೆ ಮಾರ್ಕು ಕಡಿಮೆ ಮಾಡಬೇಡಿ. ಅಲ್ಲಿ ಇದ್ದದ್ದೆಲ್ಲ ನನಗೆ ನೆನಪುಂಟು. ಬೇಕಾದರೆ ಹೇಳ್ತೇನೆ."

ಮೇಡಂ ಲೋಟ ಕೆಳಗಿಟ್ಟು, "ಏನು ನೆನಪಿದೆ?" ಎಂದರು.

ಅಪ್ಪಯ್ಯ ಗೋಡೆಯ ಹತ್ತಿರ ಹೋಗಿ ಒಂದು ಜಾಗದಲ್ಲಿ ಬೆರಳಿಟ್ಟರು. "ಇಲ್ಲಿ ಎರಡು ಗೀಟು ಒಟ್ಟಿಗೆ ಇದ್ದವು. ಅಣ್ಣ ತಮ್ಮ. ಅಣ್ಣ ಬಂದ, ತಮ್ಮ ಬರಲಿಲ್ಲ. ಅವನಿಗೆ ಊರಲ್ಲಿ ಬಸ್ಸಿನ ಕಂಡಕ್ಟರ್ ಕೆಲಸ ಆಯ್ತು." ಬೆರಳು ಒಂದು ಗೇಣು ಸರಿಯಿತು. "ಇದು ಚಟ್ನಿ ಅರೆಯುವವನದ್ದು. ತಾಯಿಗೆ ಕಾಯಿಲೆ ಜೋರಿದೆ ಅಂತ ಹೋದ. ತಾಯಿ ಉಳಿದರು, ಇವನೇ ಜ್ವರ ಬಂದು ತೀರಿಹೋದ. ನಮ್ಮ ತಂದೆ ಆ ದಿನ ಹೋಟ್ಲು ತೆಗೆಯಲಿಲ್ಲ." ನನ್ನ "ಮಾಹಿತಿ ಇಲ್ಲ"ಗಳು ಒಂದೊಂದಾಗಿ ಮನುಷ್ಯರಾಗತೊಡಗಿದವು. ಮೇಡಂ ಪುಸ್ತಕ ತೆರೆದು ಬರೆದುಕೊಳ್ಳುತ್ತಿದ್ದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿದ್ದಿರಬೇಕು.

ಸರ್ ನನ್ನ ಕಡೆ ತಿರುಗಿ, "ಅವರು ಹೇಳುತ್ತಿದ್ದಾರೆ, ನೀನು ಸುಮ್ಮನೆ ನಿಂತಿದ್ದೀಯಲ್ಲ? ಬರೆ" ಎಂದರು. ನಾನು ಚೀಲದಿಂದ ಇದ್ದಿಲ ಕಡ್ಡಿ ತೆಗೆದು ಬಿಳಿ ಗೋಡೆಯ ಮೇಲೆ, ಅಪ್ಪಯ್ಯನ ಬೆರಳು ನಿಂತಲ್ಲೆಲ್ಲ ಗೀಟು ಎಳೆಯುತ್ತಾ ಹೋದೆ. ಮೊದಲ ಗೀಟು ಬಿದ್ದಾಗ ಅಪ್ಪಯ್ಯನ ಕೈ ತಡೆಯಲು ಮುಂದೆ ಬಂತು, ಎರಡು ಕೋಟಿನ ಪೇಂಟು ಪಾಪ. ಆಮೇಲೆ ಅವರೇ ತಿದ್ದತೊಡಗಿದರು: "ಅಷ್ಟು ನೆಟ್ಟಗಲ್ಲ. ಅವ ಅವಸರದವ, ಓರೆ ಎಳೆದಿದ್ದ."

ಬಾಗಿಲ ಹತ್ತಿರದ ಮೂಲೆಗೆ ಬಂದಾಗ ಅವರು ತಡೆದು ನಿಂತರು. "ಇಲ್ಲಿ ಒಂದು. ಇದು ನನ್ನದು."

ನಾನು ಎಳೆಯಲು ಕೈ ಎತ್ತಿದೆ. "ಇನ್ನೂ ಕೆಳಗೆ," ಎಂದರು. "ಆಗ ನಾನು ಗಿಡ್ಡ."

ಎಲ್ಲಿಗೆ ಹೊರಟಿದ್ದಿರಿ ಎಂದು ಮೇಡಂ ಕೇಳಿದರು.

"ಊರಿಗೆ. ಅರ್ಧಕ್ಕೆ ಬಿಟ್ಟ ಹೈಸ್ಕೂಲು ಮುಗಿಸುವುದು ಅಂತ. ರೈಲಿನ ಟಿಕೆಟ್ ಆಗಿತ್ತು, ಬೆಳಿಗ್ಗೆಯೇ ಗೀಟು ಎಳೆದಿದ್ದೆ. ಮಧ್ಯಾಹ್ನ ನಮ್ಮ ತಂದೆ ಸಾಂಬಾರಿನ ಕೊಪ್ಪರಿಗೆ ಇಳಿಸುವಾಗ ಬಿದ್ದು ಸೊಂಟ ಮುರಿದುಕೊಂಡರು. ಹೋಗಲಿಲ್ಲ. ಹೋಗದವ ತಿರುಗಿ ಬಂದೆ ಅಂತ ಅಡ್ಡಗೀಟು ಹಾಕುವುದು ಹೇಗೆ? ಹಾಗೇ ಬಿಟ್ಟೆ." ಅಷ್ಟು ಹೇಳಿ ಖಾಲಿ ಲೋಟಗಳನ್ನು ಟ್ರೇಗೆ ಜೋಡಿಸಿಕೊಂಡರು.

ನಾನು ಬಗ್ಗಿ, ಅವರು ಹೇಳಿದ ಎತ್ತರಕ್ಕೆ ಆ ಗೀಟು ಎಳೆದೆ. ಎಂಟು ತಿಂಗಳು ಅದರ ಎದುರು ಮಂಡಿಯೂರಿ ಕೂತಿದ್ದೆ. ಅದರ ಉದ್ದ ಅಳೆದಿದ್ದೆ, ಬಣ್ಣ ಬರೆದುಕೊಂಡಿದ್ದೆ.

ಎರಡೂ ವಿಭಾಗ ಒಪ್ಪಿದವು. ಪ್ರಬಂಧದ ಅರ್ಧವನ್ನು ಹೊಸದಾಗಿ ಬರೆಯಬೇಕು ಎಂದು ಮೇಡಂ ಹೇಳಿದರು, ಸರ್ ನಗದಿದ್ದರೂ ಸಹಿ ಹಾಕಿದರು. ಅವರನ್ನು ಓಣಿಯ ತುದಿಯವರೆಗೆ ಕಳುಹಿಸಿ ಬಂದಾಗ ಅಪ್ಪಯ್ಯ ಗ್ರೈಂಡರನ್ನು ಮತ್ತೆ ಅದರ ಜಾಗಕ್ಕೆ ತಳ್ಳುತ್ತಿದ್ದರು. ಹಿಟ್ಟು ರುಬ್ಬುವ ಹೊತ್ತಾಗಿತ್ತು. ನಾನೂ ಕೈ ಕೊಟ್ಟೆ. ಕ್ಷಮಿಸಿ ಎನ್ನಬೇಕು ಎಂದುಕೊಂಡಿದ್ದೆ, ಬಾಯಿಗೆ ಬಂದದ್ದು ಬೇರೆ. ಆದರೆ ಕನ್ನಡದಲ್ಲಿ ಬಂತು.

"ಇಷ್ಟೆಲ್ಲ ಗೊತ್ತಿತ್ತಲ್ಲ ಅಪ್ಪಯ್ಯ, ನನಗೆ ಒಂದು ದಿನ ಹೇಳಬಾರದಿತ್ತಾ?"

ಅವರು ಬಗ್ಗಿ ಪ್ಲಗ್ ಚುಚ್ಚುತ್ತಿದ್ದರು. ಸಿಟ್ಟೂ ಇಲ್ಲ, ದೂರೂ ಇಲ್ಲ, ಉದ್ದು ನೆನೆದಿದೆಯಾ ಎಂದು ಕೇಳುವ ಅದೇ ಧ್ವನಿ.

"ನೀನು ಒಬ್ಬೊಬ್ಬರನ್ನೇ ಕೂರಿಸಿ ಕೇಳ್ತಾ ಇದ್ದಿಯಲ್ಲ ಮಗಾ," ಎಂದರು. "ನನ್ನ ಸರದಿಯೂ ಬತ್ತ್ ಅಂದೇಳಿ ಕಾಯ್ತಾ ಇದ್ದಿದ್ದೆ."