ಅತ್ತೆ ಕಾಯಿಸಿಟ್ಟ ಎಣ್ಣೆ

ಜೋಗೇಶ್ವರಿಯ ಸಣ್ಣ ಕಾರ್ಖಾನೆಯೊಂದರಲ್ಲಿ ಕೆಟ್ಟ ಮಾಲನ್ನು ಆರಿಸಿ ಪಕ್ಕಕ್ಕೆ ಹಾಕುವುದು ನನ್ನ ಗಂಡನ ಕೆಲಸ. ಅಲ್ಲಿ ಕೂದಲೆಳೆಯಷ್ಟು ಸೀಳು ಕಂಡರೂ ಬಿಡದ ಈ ಮಹಾಶಯರು ಚಾಳಿನ ನಮ್ಮ ಒಂದೇ ಖೋಲಿಯಲ್ಲಿ ಒಂದು ಖಾಲಿ ಡಬ್ಬಿಯನ್ನೂ ಎಸೆಯಗೊಡುತ್ತಿರಲಿಲ್ಲ. ಕಲ್ಲಾದ ಬೂಟ್ ಪಾಲಿಶು, ಒಣಗಿದ ಮುಲಾಮು, ವಾಸನೆ ಹಾರಿಹೋದ ಪೌಡರು, ಎಲ್ಲವೂ ಬೇಕು. ದೀಪಾವಳಿಗೆ ಮುಂಚೆ ನಾನು ಅಟ್ಟ ಖಾಲಿ ಮಾಡಿದರೆ ಸಂಜೆ ಬಂದು ಅರ್ಧದಷ್ಟನ್ನು ಮತ್ತೆ ಮೇಲೇರಿಸುತ್ತಿದ್ದರು. ನಾನು ರೇಗುತ್ತಿದ್ದೆ. ಆದರೆ ಒಂದು ಬಾಟಲಿಯನ್ನು ಮಾತ್ರ ನಾನೂ ಮುಟ್ಟುತ್ತಿರಲಿಲ್ಲ.

ಅದು ಅತ್ತೆ ಕಾಯಿಸಿಟ್ಟ ಎಣ್ಣೆ. ಧಾರವಾಡದ ಕಡೆಯಿಂದ ನಾನು ಸೊಸೆಯಾಗಿ ಬಂದ ವರ್ಷವೇ, ಕೊಬ್ಬರಿ ಎಣ್ಣೆಗೆ ಗರಿಕೆಯ ರಸ ಹಾಕಿ, ಮುಂದೆ ಹುಟ್ಟುವ ಮೊಮ್ಮಗುವಿಗೆಂದು ಕಾಯಿಸಿದ್ದರು. ಚಾಳಿನ ಅರ್ಧ ಕೂಸುಗಳಿಗೆ ನೀರೆರೆದ ಕೈ ಅವರದು. ಖೋಲಿಯ ಮೂಲೆಯಲ್ಲಿದ್ದ ಮೋರಿಯೇ ನಮ್ಮ ಬಚ್ಚಲು. ಅಲ್ಲಿ ಮಣೆ ಹಾಕಿ ಕೂತು, ಕಾಲು ಚಾಚಿ, ಕೂಸನ್ನು ಕಾಲ ಮೇಲೆ ಕವುಚಿ ಹಾಕಿಕೊಂಡರೆ ಎಂಥ ಹಟಮಾರಿಯೂ ಸುಮ್ಮನಾಗುತ್ತಿತ್ತು. ನಮ್ಮ ಕೂಸಿಗಾಗಿ ಕಾಯುತ್ತ ಕಾಯುತ್ತ ಅತ್ತೆ ತೀರಿಕೊಂಡರು. ಮಗಳು ಹುಟ್ಟಿದ್ದು ಅದಾಗಿ ಎಷ್ಟೋ ವರ್ಷಗಳ ಮೇಲೆ.

ಮಗಳಿಗೆ ಎಣ್ಣೆ ಹಚ್ಚುವ ದಿನ ಇವರು ಆ ಬಾಟಲಿ ಇಳಿಸಿದರು. ಬಿರಡೆ ತೆಗೆದರೆ ಕಮಟು ವಾಸನೆ.

"ಕೆಟ್ಟೈತ್ರೀ ಇದು" ಎಂದೆ.

"ಅವ್ವ ಮಾಡಿದ್ದು ಹೆಂಗ ಕೆಡತೈತಿ? ಹಚ್ಚು."

ಹಚ್ಚಿದೆ. ಹಚ್ಚದಿದ್ದರೆ ಅತ್ತೆ ಮುನಿದಾರು ಎಂಬ ಭಯ ನನಗೂ ಇತ್ತು, ಸುಳ್ಳೇಕೆ. ವಾರ ಕಳೆಯುವುದರೊಳಗೆ ಕೂಸಿನ ಬೆನ್ನೆಲ್ಲ ಕೆಂಪು ಗುಳ್ಳೆ. ರಾತ್ರಿ ಹಗಲು ಒಂದೇ ಅಳು. ಡಾಕ್ಟರು ಬೆನ್ನು ಮುಟ್ಟಿ, ಬೆರಳು ಮೂಸಿ, "ಯೇ ತೇಲ್ ಬಂದ್ ಕರೋ!" ಎಂದು, ಆ ಎಣ್ಣೆ ನಿಲ್ಲಿಸುವಂತೆ ಗದರಿದರು. ಮರುದಿನ ಇವರು ಕೆಲಸಕ್ಕೆ ಹೊರಡುತ್ತ ಗೋಡೆಯ ಕಡೆ ಮುಖ ಮಾಡಿ, "ನಾ ಬರೂದ್ರಾಗ ಚೆಲ್ಲಿಬಿಡು" ಎಂದರು.

ಮೋರಿಗೆ ಸುರಿದೆ. ನಳದಲ್ಲಿ ನೀರು ಬರುವುದು ಬೆಳಿಗ್ಗೆ ಮಾತ್ರ. ಹಿಡಿದಿಟ್ಟ ನೀರು ಜಿಡ್ಡು ತೊಳೆಯಲು ಸಾಲಲಿಲ್ಲ. ಬಾಟಲಿಯೊಳಗೆ ಇಷ್ಟು ವರ್ಷ ಮುಚ್ಚಿಕೊಂಡಿದ್ದ ವಾಸನೆ ಇಡೀ ಖೋಲಿಗೆ ಹಬ್ಬಿತು. ಕಮಟಿನ ಅಡಿಯಿಂದ ಮೆಲ್ಲಗೆ ಗರಿಕೆಯ ವಾಸನೆ ಎದ್ದಿತು, ಅತ್ತೆಯ ಸೆರಗಿನ ವಾಸನೆ. ಮೋರಿಗೆ ಬೆನ್ನು ಹಾಕಿ ರೊಟ್ಟಿ ಬಡಿಯಲು ನನಗೆ ಹೆದರಿಕೆಯಾಯಿತು. ಕೂಸನ್ನು ಎತ್ತಿಕೊಂಡು ಹೊರಗೆ ಗ್ಯಾಲರಿಯಲ್ಲೇ ಕೂತೆ.

ಸಂಜೆ ಇವರು ಬಂದು ಹೊಸ್ತಿಲಲ್ಲಿ ನಿಂತರು. ಚಪ್ಪಲಿ ಬಿಡಲಿಲ್ಲ. ಮೋರಿಯ ಕಡೆ ನೋಡುತ್ತ, ಒಳಗೆ ಯಾರೋ ಇದ್ದಾರೆಂಬಂತೆ, "ಅವ್ವಾ" ಎಂದರು.

ಬೆಳಿಗ್ಗೆ ನಳ ಬಂತು. ನಾನು ತಿಕ್ಕಲು ಹೊರಟರೆ ಕೈಯಿಂದ ಬ್ರಶ್ಶು ಕಿತ್ತುಕೊಂಡು ತಾವೇ ಕೂತರು. ಸೋಡಾ ಹಾಕಿ, ವಾಸನೆ ಪೂರ್ತಿ ಹೋಗುವ ತನಕ ತಿಕ್ಕಿದರು. ಆಮೇಲೆ ಮಣೆ ಹಾಕಿ, ಕಾಲು ಚಾಚಿ, "ಕೂಸಿನ್ನ ಕೊಡು" ಎಂದರು. ಅಲ್ಲಿಯವರೆಗೆ ಮಗುವನ್ನು ಎತ್ತಲೂ ಅಂಜುತ್ತಿದ್ದ ಗಂಡಸು! ಎಣ್ಣೆಯಿಲ್ಲ, ಬರೀ ಬೆಚ್ಚಗಿನ ನೀರು. ಒಂದು ಕೈಯನ್ನು ಕೂಸಿನ ಹಣೆಗೆ ಅಡ್ಡ ಹಿಡಿದು ಇನ್ನೊಂದರಿಂದ ತಂಬಿಗೆ ಬಗ್ಗಿಸಿದರು. ಕೂಸು ಸುಮ್ಮನಾಯಿತು.

ನಾನು ಟವೆಲ್ಲು ಹಿಡಿದು ಹಿಂದೆ ನಿಂತಿದ್ದೆ. ಮುಂದೆ ಬಾಗಿದ್ದ ಆ ಬೆನ್ನು ಅತ್ತೆಯದು.