ಪಾರಿವಾಳದ ಸೂಪು

ನಮ್ಮ ಕಟ್ಟಡ ಕಂಪನಿಯ ವೆಲ್‌ಫೇರ್ ಆಫೀಸರ್ ಕಾಸ್ಮಿರ್ ಅವರಿಗೆ ದೋಹಾದ ಆಸ್ಪತ್ರೆಗಳ ಬಗ್ಗೆ ಗೊತ್ತಿರುವುದು ವಿಸಿಟಿಂಗ್ ಟೈಮ್ ಒಂದೇ. ಚರಿತ್ರೆ ಗೊತ್ತಿರುವುದು ಫ್ರಾನ್ಸಿನ ಯಾವುದೋ ಹಳ್ಳಿಯ ಧರ್ಮಾಸ್ಪತ್ರೆಯದು. ಟೂರ್ ಬಸ್ಸು ಅಲ್ಲಿ ಅರ್ಧ ಗಂಟೆ ನಿಂತಿತ್ತಂತೆ. ಆ ಅರ್ಧ ಗಂಟೆಯನ್ನು ಅವರು ಹನ್ನೊಂದು ವರ್ಷಗಳಿಂದ ಹೇಳುತ್ತಿದ್ದಾರೆ. ಯಾವ ಕೆಲಸಗಾರ ಹಾಸಿಗೆ ಹಿಡಿದರೂ ಕಂಪನಿಯ ಹೆಸರು ಅಂಟಿಸಿದ ಸೇಬಿನ ಬುಟ್ಟಿಯೊಂದಿಗೆ ಹಾಜರು. “ಮುನ್ನೂರು ವರ್ಷದ ಹಿಂದೆ ಮಾರಾಯ, ಬಡವರಿಗೆ ಪುಕ್ಕಟೆ ಹಾಸಿಗೆ! ಅಂಗಳದಲ್ಲಿ ಪಾರಿವಾಳಕ್ಕೇ ಅಂತ ಕಲ್ಲಿನ ಗೋಪುರ, ಅದರೊಳಗೆ ಸಾವಿರ ಗೂಡು. ರೋಗಿಗಳಿಗೆ ದಿನಾ ಪಾರಿವಾಳದ ಸೂಪು. ದಾನ ಅಂದ್ರೆ ಅದು!” ಜ್ವರದವರು ನಿದ್ದೆ ಬಂದಂತೆ ನಟಿಸುತ್ತಾರೆ, ಕಾಲು ಮುರಿದವರಿಗೆ ಓಡಲೂ ಆಗುವುದಿಲ್ಲ. ಕೊನೆಗೆ ಬುಟ್ಟಿಯನ್ನು ರೋಗಿಯ ಮಡಿಲಲ್ಲಿಟ್ಟು, ಟೈ ಸರಿಮಾಡಿಕೊಂಡು, “ಯಲ್ಲಾ, ಬೇಗ ಫೋಟೊ” ಎನ್ನುತ್ತಾರೆ. ತೆಗೆಯುವವನು ನಾನು. ಕಳೆದ ವಾರ, ನಮ್ಮದೇ ಸೈಟಿನಲ್ಲಿ ಸ್ಕ್ಯಾಫೋಲ್ಡಿಂಗ್ ಕುಸಿದು ಸೊಂಟ ಮುರಿದುಕೊಂಡ ತುಕ್ರ ಚರಿತ್ರೆಯನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದ: “ಆ ಪಾರಿವಾಳಗಳು ತಿನ್ನುವುದೆಂತ ಸರ್?” “ಸುತ್ತಲಿನ ರೈತರ ಗೋಧಿ. ಅವರು ಓಡಿಸುವ ಹಾಗಿಲ್ಲ, ಕಾನೂನು!” ಎಂದರು ಕಾಸ್ಮಿರ್, ಕಾನೂನು ತಾವೇ ಬರೆದವರಂತೆ. “ಹಾಗಾದ್ರೆ ಆ ಸೂಪು ರೈತರದ್ದೇ ಅಲ್ವಾ ಸರ್?” ಕಾಸ್ಮಿರ್ ಬುಟ್ಟಿಯಿಂದ ಒಂದು ಸೇಬು ತೆಗೆದು, ತಾವೇ ಸಿಪ್ಪೆ ಸುಲಿದು, ಹೋಳು ಮಾಡಿ ತುಕ್ರನ ಕೈಗಿಟ್ಟರು. ನಾನು ಅಭ್ಯಾಸದಂತೆ ಫೋನು ಎತ್ತಿದೆ. ಅವರು ನನ್ನ ಕಡೆ ನೋಡದೆಯೇ ಬೇಡವೆಂದು ಕೈಯಾಡಿಸಿದರು.